ಬಾವನ ಭಯ, ಅಕ್ಕನ ಅಳತೆ

ನನ್ನ ಬಾವ ಲುತಾಯ ಕಸಾಯಿಖಾನೆಯಲ್ಲಿ ಸೀಳಿದ ದನದ ಅರ್ಧ ಮೈಯನ್ನು ಒಬ್ಬನೇ ಹೆಗಲಿಗೇರಿಸಿ ಲಾರಿಗೆ ತುಂಬುವ ಆಳು. ಹರೆಯದಲ್ಲಿ ಬಾಕ್ಸಿಂಗ್ ಆಡಿದವನು. ನಲವತ್ತೈದು ದಾಟಿದ ಮೇಲೂ ಸಂಜೆ ಹೊತ್ತು ನಾತೇಟೆ ಬಡಾವಣೆಯ ಕ್ಲಬ್ಬಿನಲ್ಲಿ ಬೇರೆಯವರಿಗೆ ಗುದ್ದುವುದನ್ನು ಕಲಿಸುತ್ತಿದ್ದ. ಅವನ ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಅಂಥವನು ಆ ಸೋಮವಾರ ಕ್ಲಿನಿಕ್ಕಿನಿಂದ, ನಾನು ಗಿರಾಕಿಗಳನ್ನು ಕೂರಿಸಿಕೊಂಡು ಓಡಿಸುವ ಬಾಡಿಗೆ ಬೈಕಿನ ಹಿಂದೆ ಕೂತು ಬರುವಾಗ ಒಂದೇ ಸಮನೆ ಆ ಕಡೆ ಈ ಕಡೆ ಜರುಗುತ್ತಿದ್ದ.

"ಬಾವ, ಸುಮ್ನೆ ಕೂತ್ಕೋ. ಬೈಕ್ ವಾಲ್ತಿದೆ. ಇಬ್ರೂ ಚರಂಡಿಗೆ ಬೀಳ್ತೀವಿ."

"ನಿಲ್ಸು. ನಡ್ಕೊಂಡು ಬರ್ತೀನಿ."

"ಗುಡ್ಡ ಇಳಿದು ಇನ್ನೊಂದು ಗುಡ್ಡ ಹತ್ಬೇಕು. ತಲೆ ಕೆಟ್ಟಿದ್ಯಾ?"

"ತಲೆ ಅಲ್ಲ ಕಣೋ ಕಸುಜ್ಜ. ಕಿಡ್ನಿ ಕೆಟ್ಟಿದ್ಯಂತೆ."

ಬೈಕು ನಿಲ್ಲಿಸಿದೆ. ಅವನು ಇಳಿದು, ಎರಡೂ ಕೈಗಳಿಂದ ಸೊಂಟವನ್ನು ಹಿಂದಿನಿಂದ ಹಿಡಿದುಕೊಂಡು, ಒಳಗಿನದೇನೋ ಜಾರಿ ಬೀಳುತ್ತದೆಂಬಂತೆ ಮೆಲ್ಲಗೆ ನಡೆಯತೊಡಗಿದ.

ಬಾವನಿಗೂ ನನ್ನ ಅಕ್ಕ ನಮತೋವುವಿಗೂ ಎಚ್‌ಐವಿ ಇರುವುದು ನಮ್ಮ ಓಣಿಗೆಲ್ಲ ಗೊತ್ತಿದ್ದ ವಿಷಯ. ಇಬ್ಬರೂ ಒಂದೇ ಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆ ರೋಗದ ಬಗ್ಗೆ ಅವರು ಅಳುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ವರ್ಷಕ್ಕೊಮ್ಮೆ ಗುಡ್ಡದ ಮೇಲಿನ ಕ್ಲಿನಿಕ್ಕಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದರು. ಅವರು ನುಂಗುವ ಮಾತ್ರೆ ಕೆಲವರ ಮೂತ್ರಪಿಂಡಕ್ಕೆ ಒಗ್ಗುವುದಿಲ್ಲ. ಅದಕ್ಕೇ ಆ ಪರೀಕ್ಷೆ. ಈ ಸಲ ಬಾವನ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಮಿತಿ ಮೀರಿತ್ತು. ಲೆಕ್ಕ ಹಾಕಿ ನೋಡಿದರೆ ಕಿಡ್ನಿ ಅರ್ಧಕ್ಕರ್ಧ ಮಾತ್ರ ಕೆಲಸ ಮಾಡುತ್ತಿದೆ ಎಂದು ಬಂತು. ಮಾತ್ರೆ ಬದಲಿಸಿದರು. ಭಾರ ಎತ್ತಬೇಡ, ಮಾಂಸ ಕಡಿಮೆ ಮಾಡು, ಎರಡು ತಿಂಗಳು ಬಿಟ್ಟು ಬಾ ಎಂದರು. ಅಕ್ಕನದು ಎಂದಿನಂತೆ ಚೊಕ್ಕವಾಗಿತ್ತು.

ಬೇರೆ ಯಾವ ರೋಗ ಬಂದಿದ್ದರೂ ಬಾವ ಇಷ್ಟು ಹೆದರುತ್ತಿರಲಿಲ್ಲವೇನೋ. ಅವನ ಸ್ವಂತ ಅಣ್ಣ ಹೋದದ್ದು ಕಿಡ್ನಿಯಿಂದಲೇ. ದೊಡ್ಡಾಸ್ಪತ್ರೆಯ ಯಂತ್ರಕ್ಕೆ ರಕ್ತ ಹಾಯಿಸಿ ಹಾಯಿಸಿ, ಕೊನೆಗೆ ಮುಖ ಊದಿ, ಸ್ವಂತ ಮಕ್ಕಳಿಗೇ ಗುರುತು ಸಿಗದಂತಾಗಿ ಸತ್ತ. ಆ ಹೆಣಕ್ಕೆ ಸ್ನಾನ ಮಾಡಿಸಿದ್ದು ಲುತಾಯ.

ಕ್ಲಿನಿಕ್ಕಿನ ಆ ಸೋಮವಾರದಿಂದ ಬಾವ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಸಾಯಿಖಾನೆಯ ಕೆಲಸ ಬಿಟ್ಟ. ಬೆಳಗಾದರೆ ಉಚ್ಚೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡುವುದು, ಬಂದು ಹೋದವರಿಗೆಲ್ಲ ತೋರಿಸುವುದು. ಪಕ್ಕದ ಮನೆಯ ಇದ್ದಿಲು ಮಾರುವವಳು ಒಂದು ದಿನ ಕೈ ಮುಗಿದೇಬಿಟ್ಟಳು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಚಾ ಕುಡೀತಾ ಇದೀನಿ. ಆಮೇಲೆ ತೋರ್ಸು."

ಯಾರೋ ಹೇಳಿದರೆಂದು ಕಹಿಸೊಪ್ಪಿನ ಕಷಾಯ ಕುಡಿದ. ಇನ್ಯಾರೋ ಬೇಡವೆಂದರೆಂದು ಬೆರಳು ಹಾಕಿ ಕಕ್ಕಿದ. ಮಸಾಕ ಪೇಟೆಯ ಹತ್ತಿರದ ತನ್ನ ಹುಟ್ಟೂರಿಗೆ ಹೋಗಿ ಅಣ್ಣನ ಗೋರಿಯ ಪಕ್ಕದಲ್ಲಿ ತನಗೆ ಜಾಗ ನೋಡಿ ಬಂದ. ಹೊಸ ಮಾತ್ರೆಗೆ ಹೊಟ್ಟೆ ತೊಳಸಿ ಉಂಡದ್ದು ನಿಲ್ಲುತ್ತಿರಲಿಲ್ಲ, ರಕ್ತ ಕಡಿಮೆಯಾಗಿ ತುಟಿ ಬಿಳಿಚಿತು. ಅದೆಲ್ಲವೂ ಕಿಡ್ನಿಯ ಲಕ್ಷಣವೆಂದೇ ಅವನ ನಂಬಿಕೆ. ಅಂಗಳದಲ್ಲಿ ಗಾಳಿಗೆ ನಾಲ್ಕು ಗುದ್ದು ಗುದ್ದುವನು, ಭಾರ ಎತ್ತಬಾರದೆಂಬುದು ನೆನಪಾಗಿ ಕೈ ಇಳಿಸುವನು, ಮತ್ತೆ ಅತ್ತಿಂದಿತ್ತ ತಿರುಗುವನು.

ಮನೆಯನ್ನು ಹೊತ್ತದ್ದು ಅಕ್ಕ. ಅವಳೋ ಬಾಳೆಸಿಪ್ಪೆಯಷ್ಟು ತೆಳ್ಳಗೆ. ಗಾಳಿ ಜೋರಾದರೆ ಗಂಡನ ಜೇಬಿನಲ್ಲಿ ಇಟ್ಟುಕೊಳ್ಳಬೇಕು ಎಂದು ಓಣಿಯವರು ನಗುತ್ತಿದ್ದರು. ಬಸ್ ನಿಲ್ದಾಣದ ಬಳಿ ಬಾಳೆಹಣ್ಣು ಕಲಸಿದ ಹಿಟ್ಟಿನ ಕಬಲಗಲ ಎಂಬ ತಿಂಡಿ ಕರಿದು ಮಾರುತ್ತಿದ್ದವಳು ಈಗ ಎರಡು ಮನೆಗಳ ಬಟ್ಟೆ ಒಗೆಯುವ ಕೆಲಸವನ್ನೂ ಹಿಡಿದಳು. ಗುಡ್ಡದ ಬುಡದ ನಲ್ಲಿಯಿಂದ ಹಳದಿ ಕ್ಯಾನುಗಳಲ್ಲಿ ನೀರು ತರುವುದು ಮೊದಲೆಲ್ಲ ಬಾವನ ಕೆಲಸ. ಒಂದೊಂದು ಕೈಯಲ್ಲಿ ಎರಡೆರಡು ಹಿಡಿದು ಅವನು ಹಾಡಿಕೊಂಡು ಬರುತ್ತಿದ್ದ. ಈಗ ಅಕ್ಕ ತಲೆಯ ಮೇಲೊಂದು, ಕೈಯಲ್ಲೊಂದು ಹೊತ್ತು ಮೂರು ಕಡೆ ನಿಂತು ಬರುತ್ತಿದ್ದಳು. ನಾನು ಬೈಕಿನಲ್ಲಿ ತಂದುಕೊಡುತ್ತೇನೆಂದರೆ, "ನೀನು ನಿನ್ನ ಗಿರಾಕಿ ನೋಡ್ಕೋ ಹೋಗು," ಎನ್ನುವಳು. ಗಂಡನಿಗೆ ಉಪ್ಪಿಲ್ಲದ ಮಟೋಕೆ ಬಾಳೆಕಾಯಿಯನ್ನು ಬೇರೆಯಾಗಿ ಬೇಯಿಸುವಳು. ಅವನು ಮೂಗು ಮುರಿದರೆ, "ತಿನ್ನೋ ಮಾರಾಯ. ದನದ ಕಾಲಿನ ಸಾರು ಕುಡಿದೂ ಕುಡಿದೂ ತಾನೇ ಈ ಗತಿ?" ಎಂದು ಮುಂದೆ ಕೂತು ತಿನ್ನಿಸುವಳು.

ಎರಡು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರು. ಸ್ವಲ್ಪ ಇಳಿದಿತ್ತು, ಆದರೂ ಮಿತಿಯ ಮೇಲೇ ಇತ್ತು. ಆಗ ಡಾಕ್ಟರ್ ಅಡೋಂಗೊ ಎಂಬಾಕೆ ಒಂದು ಮಾತು ಹೇಳಿದರು. ಆಕೆ ಎತ್ತರದ, ಮೆಲುದನಿಯ, ನಮ್ಮ ದೇಶದ ಉತ್ತರ ಭಾಗದ ಹೆಂಗಸು. ಕ್ಲಿನಿಕ್ಕಿನಲ್ಲಿ ಆಗ ಒಂದು ಅಧ್ಯಯನ ಶುರುವಾಗಿತ್ತು. ನಮ್ಮ ಜನರ ಕಿಡ್ನಿಯನ್ನು ಲೆಕ್ಕದ ಸೂತ್ರದಿಂದಲ್ಲ, ನೇರವಾಗಿ ಅಳೆಯುವುದು.

"ಎಕ್ಸ್‌ರೇಗೆ ಬಳಸೋ ಒಂದು ದ್ರವ ಇದೆ. ಬಣ್ಣ ಇಲ್ಲ, ನೋವಿಲ್ಲ," ಎಂದರು. "ಒಂದು ತೋಳಿಗೆ ಅದನ್ನ ಹಾಕ್ತೀವಿ. ಇನ್ನೊಂದು ತೋಳಿಂದ ಮಧ್ಯಾಹ್ನದವರೆಗೆ ಆಗಾಗ ರಕ್ತ ತೆಗೀತೀವಿ. ಆ ದ್ರವನ ಮೈಯಿಂದ ಹೊರಗೆ ಹಾಕೋಕೆ ಕಿಡ್ನಿ ಬಿಟ್ರೆ ಬೇರೆ ದಾರಿ ಇಲ್ಲ. ಎಷ್ಟು ಬೇಗ ಖಾಲಿ ಆಗುತ್ತೋ ಕಿಡ್ನಿ ಅಷ್ಟು ಗಟ್ಟಿ."

"ಅಂದ್ರೆ ನಾನು ಇಲಿ, ನೀವು ಬೆಕ್ಕು," ಎಂದ ಬಾವ.

"ಬೇಡ ಅನ್ಸಿದ್ರೆ ಬೇಡ ಅನ್ನಿ. ಅದಕ್ಕೋಸ್ಕರ ನಿಮ್ಮ ಮಾತ್ರೆ ನಿಲ್ಲಲ್ಲ."

"ಬೇಡ. ಈಗ ಅರ್ಧ ಅಂತೀರ. ಸರಿಯಾಗಿ ಅಳೆದು ಕಾಲು ಅಂದ್ರೆ ನಾನೇನ್ ಮಾಡ್ಲಿ?"

ಅಷ್ಟರಲ್ಲಿ ಅಕ್ಕ ಬಾಯಿ ಹಾಕಿದಳು. "ಡಾಕ್ಟರಮ್ಮ, ಹೆಂಗಸರನ್ನೂ ಅಳೀತೀರಾ?"

"ಅಳೀತೀವಿ. ದಪ್ಪ, ಸಣ್ಣ, ಹೆಣ್ಣು, ಗಂಡು, ಎಲ್ಲ ಥರದವರೂ ಬೇಕು."

"ಹಾಗಾದ್ರೆ ನನ್ನ ಹೆಸರು ಬರ್ಕೊಳ್ಳಿ. ನಂಗೇನೂ ಇಲ್ಲ, ಆದ್ರೂ ಚುಚ್ಚಿಸ್ಕೊತೀನಿ. ಈ ಬಾಕ್ಸರ್‌ಗೆ ಸೂಜಿ ಅಂದ್ರೆ ಭಯವಂತೆ. ಓಣಿಗೆಲ್ಲ ಹೇಳೋಣ."

ಬಾವ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ತನ್ನ ಹೆಸರನ್ನೂ ಬರೆಸಿದ.

ಅಳತೆಯ ದಿನ ಬೆಳಗಾಗುತ್ತಲೇ ಇಬ್ಬರನ್ನೂ ಬೈಕಿನಲ್ಲಿ ಗುಡ್ಡ ಹತ್ತಿಸಿದೆ. ಮನೆಗೆ ಹೋಗಲು ಮನಸ್ಸಾಗದೆ ನಾನೂ ಅಲ್ಲೇ ಕೂತೆ. ನರ್ಸ್ ಬಿರುಂಗಿ ಇಬ್ಬರ ಎರಡೂ ತೋಳುಗಳಿಗೆ ಸೂಜಿ ಸಿಕ್ಕಿಸಿದಳು. ಬಾವನ ನರ ಹಗ್ಗದ ಹಾಗೆ ಎದ್ದು ನಿಂತಿತ್ತು. ಅಕ್ಕನದು ಎಷ್ಟು ತಡಕಿದರೂ ಸಿಗಲಿಲ್ಲ.

"ಏನಮ್ಮಾ, ತೋಳಲ್ಲಿ ಮೂಳೆ ಬಿಟ್ಟು ಬೇರೇನೂ ಇಟ್ಟಿಲ್ವಾ?" ಎಂದಳು ಬಿರುಂಗಿ.

"ಎಲ್ಲ ಗಂಡಂಗೆ ಕೊಟ್ಬಿಟ್ಟೆ. ನೋಡ್ತಿಲ್ವಾ, ಹೇಗೆ ಊದಿದಾನೆ?"

ದ್ರವ ಒಳಗೆ ಹೋದ ಮೇಲೆ ಕಾಯುವುದಷ್ಟೇ ಕೆಲಸ. ಬಾವನಿಗೆ ಅದೇ ಆಗದ ಮಾತು. ಎದ್ದು ಗೇಟಿನವರೆಗೆ ಹೋಗಿ ಬಂದ. ಗೋಡೆಯ ಮೇಲಿನ ಭಿತ್ತಿಪತ್ರಗಳನ್ನೆಲ್ಲ ಓದಿ ಮುಗಿಸಿದ. ನೀರು ಕುಡಿದ, ಉಚ್ಚೆಗೆ ಹೋದ, ಬಂದು ಕುಡಿದ. ಪಕ್ಕದಲ್ಲಿದ್ದ ಮುದುಕನಿಗೆ ತನ್ನ ಅಣ್ಣನ ಸಾವಿನ ಕಥೆ ಹೇಳಿ ಅವನ ಮುಖವನ್ನೂ ಬಾಡಿಸಿದ. ಬಿರುಂಗಿ ಪ್ರತಿ ಸಲ ರಕ್ತ ತೆಗೆಯಲು ಬಂದಾಗಲೂ ಅವನನ್ನು ಹುಡುಕಿಕೊಂಡು ಹೋಗಬೇಕಾಯಿತು.

"ಒಂದು ಕಡೆ ಕೂರೋ ಅಣ್ಣಾ! ಕಟ್ಹಾಕ್ತೀನಿ ನೋಡು!"

"ಒಳಗೆ ಏನೋ ಓಡ್ತಿದೆ ಸಿಸ್ಟರ್. ಅದು ಓಡ್ತಿದ್ರೆ ನಾನು ಹೇಗೆ ಕೂರ್ಲಿ?"

ಅಕ್ಕ ಮಾತ್ರ ಕುರ್ಚಿಯಲ್ಲಿ ಕೂತವಳು ಕೂತಲ್ಲೇ ನಿದ್ದೆ ಹೋಗಿದ್ದಳು. ತಲೆ ಗೋಡೆಗೆ ಆನಿಸಿ, ಬಾಯಿ ಅರ್ಧ ತೆರೆದು, ಹಾಡಹಗಲಿನಲ್ಲಿ, ಅಷ್ಟು ಗದ್ದಲದ ನಡುವೆ. ರಕ್ತ ತೆಗೆಯುವಾಗಲೂ ಕಣ್ಣು ಬಿಡಲಿಲ್ಲ. ನಮ್ಮಮ್ಮ ಹೇಳುತ್ತಿದ್ದಂತೆ ಅವಳು ಹಗಲು ಮಲಗಿದ್ದು ಕೈಕೂಸಾಗಿದ್ದಾಗ ಮಾತ್ರ. ಅವಳ ಚಪ್ಪಲಿಯ ಪಟ್ಟಿ ಊದಿದ ಪಾದದ ಮೇಲೆ ಗುಳಿ ಒತ್ತಿತ್ತು. ನೋಡಿದೆ. ನಿಂತು ನಿಂತು ಹೀಗಾಗಿದೆ ಅಂದುಕೊಂಡು ಸುಮ್ಮನಾದೆ.

ಫಲಿತಾಂಶಕ್ಕೆ ಕರೆದ ದಿನ ನಮ್ಮ ಮೂವರನ್ನೂ ಒಳಗೆ ಬಿಟ್ಟರು. ಬಾವ ನಿಂತೇ ಇದ್ದ. ಡಾಕ್ಟರ್ ಅಡೋಂಗೊ ಮೊದಲು ಅವನ ಕಡೆ ತಿರುಗಿದರು.

"ಲುತಾಯ, ನಿಮ್ಮ ಕಿಡ್ನಿ ಚೆನ್ನಾಗಿದೆ."

"ಎಷ್ಟು ಚೆನ್ನಾಗಿ? ಅರ್ಧ ಚೆನ್ನಾಗಾ?"

"ಪೂರ್ತಿ. ನಿಮ್ಮ ವಯಸ್ಸಿನವರಿಗೆ ಹೇಗಿರಬೇಕೋ ಹಾಗೆ. ಕ್ರಿಯಾಟಿನಿನ್ ಅನ್ನೋದು ಮಾಂಸಖಂಡ ಸವೆದು ಬರೋ ಕಸ. ಕಿಡ್ನಿ ಅದನ್ನ ಗುಡಿಸಿ ಹೊರಗೆ ಹಾಕುತ್ತೆ. ರಕ್ತದಲ್ಲಿ ಕಸ ಜಾಸ್ತಿ ಕಂಡ್ರೆ ಗುಡಿಸೋವ್ನು ಸೋಮಾರಿ ಅಂತ ಲೆಕ್ಕ ಹೇಳುತ್ತೆ. ಆದ್ರೆ ನಿಮ್ಮ ಮನೇಲಿ ಕಸ ಹುಟ್ಟೋದೇ ನಾಲ್ಕು ಮನೆಯಷ್ಟು. ಮೇಲಿಂದ ದಿನಾ ಮಾಂಸ. ಗುಡಿಸೋವ್ನು ಪಾಪ ಬೆವರು ಸುರಿಸಿ ಕೆಲಸ ಮಾಡ್ತಾನೇ ಇದಾನೆ."

ಬಾವ ಒಂದೇ ಸಲ ನನ್ನನ್ನು ಎರಡೂ ತೋಳುಗಳಲ್ಲಿ ಎತ್ತಿ, ಆ ಸಣ್ಣ ಕೋಣೆಯಲ್ಲಿ ಒಂದು ಸುತ್ತು ಸುತ್ತಿಸಿದ. ನನ್ನ ಕಾಲು ತಗುಲಿ ಮೇಜಿನ ಮೇಲಿನ ಪೆನ್ನಿನ ಡಬ್ಬಿ ಉರುಳಿತು.

"ಬಿಡೋ ಬಾವ! ಭಾರ ಎತ್ಬಾರ್ದು ಅಂದಿದ್ರಲ್ಲೋ!"

"ಎತ್ತಬಹುದಂತೆ! ಕೇಳಿಸ್ಲಿಲ್ವಾ? ಎತ್ತಬಹುದಂತೆ! ನಮತೋವು, ಇವತ್ತು ಮನೇಲಿ ಮಾಂಸ, ಉಪ್ಪು, ಎಲ್ಲಾ!"

ಅಕ್ಕ ನಗುತ್ತಿದ್ದಳು. ಡಾಕ್ಟರ್ ನಗುತ್ತಿರಲಿಲ್ಲ. ಅದನ್ನು ಮೊದಲು ಗಮನಿಸಿದವಳು ಅಕ್ಕನೇ.

"ನಂದೇನು, ಡಾಕ್ಟರಮ್ಮ?"

"ಲುತಾಯ, ನೀವು ಕೂತ್ಕೊಳ್ಳಿ," ಎಂದರು ಅವರು. "ನಮತೋವು, ನಿಮ್ಮ ಕಿಡ್ನಿ ಮೂರನೇ ಒಂದು ಭಾಗ ಮಾತ್ರ ಕೆಲಸ ಮಾಡ್ತಿದೆ."

ಹೊರಗೆ ಯಾರೋ ಮಗುವಿಗೆ ಸುಮ್ಮನಿರೆಂದು ಗದರುತ್ತಿದ್ದರು. ಬಾವ ಕುರ್ಚಿಯ ತುದಿಗೆ ಬಂದ.

"ಹೆಸರು ಬದಲಾಗಿದೆ," ಎಂದ. "ಇಬ್ರೂ ಒಂದೇ ದಿನ ಬಂದಿದ್ವಿ ನೋಡಿ. ಸೀಸೆ ಅದಲುಬದಲಾಗಿದೆ. ಅದು ನಂದು. ಮೂರನೇ ಒಂದು ನಂದು."

"ಇಲ್ಲ. ನಾವೂ ಹಾಗೇ ಅಂದ್ಕೊಂಡು ಎರಡು ಸಲ ನೋಡಿದ್ವಿ. ಅವರ ಮೂತ್ರದಲ್ಲೂ ಪ್ರೋಟೀನ್ ಹೋಗ್ತಿದೆ."

"ಪ್ರತಿ ವರ್ಷ ಚೆನ್ನಾಗಿದೆ ಅಂದ್ರಲ್ಲಾ!" ಬಾವನ ದನಿ ಏರಿತು. "ನಂಗೆ ಕೆಟ್ಟಿದೆ ಅಂದ್ರಿ, ಅವಳಿಗೆ ಚೆನ್ನಾಗಿದೆ ಅಂದ್ರಿ! ಒಂದಾದ್ರೂ ಸರಿ ಹೇಳಿದೀರಾ?"

ಡಾಕ್ಟರ್ ಅಡೋಂಗೊ ಅದಕ್ಕೆ ಸಿಟ್ಟಾಗಲಿಲ್ಲ. "ನಿಮ್ಮ ಮಾತು ಸರಿ. ಅವರ ಮೈಯಲ್ಲಿ ಮಾಂಸಖಂಡ ಇಷ್ಟೇ ಇಷ್ಟು. ಕಸವೇ ಹುಟ್ಟಲ್ಲ. ಗುಡಿಸೋವ್ನು ಮಲಗಿದ್ರೂ ಅಂಗಳ ಚೊಕ್ಕಟವಾಗೇ ಕಾಣ್ತಿತ್ತು. ಆ ಸೂತ್ರ ಮಾಡಿದ್ದು ಅಮೆರಿಕದ ಜನರನ್ನ ನೋಡಿ. ಅದ್ರಲ್ಲೂ ಕಪ್ಪು ಜನ ಅಂದ್ರೆ ಮಾಂಸಖಂಡ ಜಾಸ್ತಿ ಅಂತ ಕಿಡ್ನಿ ಲೆಕ್ಕಕ್ಕೆ ಇನ್ನೊಂದಿಷ್ಟು ಕೂಡಿಸೋರು. ಇಲ್ಲೂ ಹಾಗೇ ಕೂಡಿಸ್ಕೊಂಡು ಬಂದ್ವಿ."

ಅಕ್ಕ ತನ್ನ ಮುಂಗೈಯನ್ನು ಹೊರಳಿಸಿ ನೋಡಿಕೊಂಡಳು. "ನನ್ನ ಮೈಯಲ್ಲಿ ಮಾಂಸ ಎಲ್ಲಿ ಕಂಡ್ರಂತೆ ಅವ್ರು?" ಎಂದಳು.

ಅವಳ ಮಾತ್ರೆ ಬದಲಾಯಿತು, ರಕ್ತದೊತ್ತಡಕ್ಕೊಂದು ಗುಳಿಗೆ ಸೇರಿತು. "ನೋವಿನ ಮಾತ್ರೆ ಏನಾದ್ರೂ ತಗೋತೀರಾ? ಬೆನ್ನಿಗೆ, ಮಂಡಿಗೆ? ಅದು ಕಿಡ್ನಿಗೆ ವಿಷ," ಎಂದು ಡಾಕ್ಟರ್ ಕೇಳಿದರು. ಅಕ್ಕ ತಲೆ ಅಲ್ಲಾಡಿಸಿ ಇಲ್ಲವೆಂದಳು.

ಮನೆಗೆ ಬಂದ ಮೇಲೆ ಚಡಪಡಿಕೆ ಒಬ್ಬರಿಂದ ಒಬ್ಬರಿಗೆ ದಾಟಿತು. ಬಾವ ಕ್ಯಾನುಗಳನ್ನು ಕಿತ್ತುಕೊಂಡ, ಪೊರಕೆ ಕಿತ್ತುಕೊಂಡ, ಬಟ್ಟೆ ಒಗೆಯುವ ಮನೆಗಳಿಗೆ ತಾನೇ ಹೋಗಿ ಅವಳು ಬರುವುದಿಲ್ಲವೆಂದು ಹೇಳಿಬಂದ. ಅಕ್ಕನಿಗೆ ಬೆಂಕಿ ಹತ್ತಿದಂತಾಯಿತು.

"ನಿಂಗ್ಯಾರು ಹೇಳಿದ್ರು ಹೋಗೋಕೆ? ನನ್ನ ಕೆಲಸ ಬಿಡಿಸೋಕೆ ನೀನ್ಯಾರು?"

"ಗಂಡ."

"ಎರಡು ತಿಂಗಳು ಬಾಟ್ಲಿ ಹಿಡ್ಕೊಂಡು ಓಣಿ ಸುತ್ತಿದಾಗ ಎಲ್ಲಿತ್ತು ಈ ಗಂಡಸ್ತನ?"

ಅವಳನ್ನು ಹಾಸಿಗೆಯಲ್ಲಿ ಮಲಗಿಸಿದರೆ ಎದ್ದು ಪಾತ್ರೆ ಜೋಡಿಸುವಳು, ಜೋಡಿಸಿದ್ದನ್ನು ಇಳಿಸಿ ಮತ್ತೆ ಜೋಡಿಸುವಳು. ಬಾವ ಹೊರಗೆ ಹೋದದ್ದೇ ತಡ, ಹಿಟ್ಟಿನ ಬೋಗುಣಿ ಎತ್ತಿಕೊಂಡು ನಿಲ್ದಾಣಕ್ಕೆ ಓಡುವಳು. ಒಂದು ಮಧ್ಯಾಹ್ನ ನಾನು ಗಿರಾಕಿ ಇಳಿಸಿ ಬರುವಾಗ ಅವಳು ಬಾಣಲೆಯ ಮುಂದೆ ಬೆವರುತ್ತ ಕೂತದ್ದು ಕಂಡಿತು. ನಿಲ್ಲಿಸಿ ಮಾತಾಡಿಸುತ್ತಿದ್ದೆ. ಅಷ್ಟರಲ್ಲಿ ಬಾವನೂ ಅವಳನ್ನು ಹುಡುಕಿಕೊಂಡು ಬಂದ. ಅವಳು ಅವನನ್ನು ನೋಡಿರಲಿಲ್ಲ. ಸೊಂಟದ ಬಟ್ಟೆಯ ಗಂಟು ಬಿಚ್ಚಿ, ಎರಡು ಗುಲಾಬಿ ಮಾತ್ರೆ ಬಾಯಿಗೆ ಹಾಕಿ, ನೀರಿಲ್ಲದೆಯೇ ನುಂಗಿದಳು.

"ಏನದು?"

ಅಕ್ಕ ಬೆಚ್ಚಿದಳು. ಗಂಟನ್ನು ಮುಷ್ಟಿಯಲ್ಲಿ ಮುಚ್ಚಿದಳು.

"ಏನಿಲ್ಲ."

"ತೋರ್ಸು."

"ಮಂಡಿನೋವಿಗೆ. ಎಲ್ರೂ ತಗೋತಾರೆ. ನಿಲ್ದಾಣದಲ್ಲಿ ಎಲ್ಲಾ ಹೆಂಗಸ್ರೂ ತಗೋತಾರೆ."

"ಡಾಕ್ಟರ್ ಕೇಳಿದಾಗ ಇಲ್ಲ ಅಂದೆ!"

"ಹೂಂ, ಇಲ್ಲ ಅಂದೆ! ಏನೀಗ?"

"ಯಾವಾಗಿಂದ ತಿಂತಿದೀಯ?"

ಬಾವ ಬಗ್ಗಿ ಅವಳ ಮುಷ್ಟಿಯನ್ನು ಬಿಡಿಸಲು ಹೋದ. ಆಗ ಅವಳು ಎದ್ದು ನಿಂತು, ಸುತ್ತ ಮುತ್ತ ಜನ ಇದ್ದಾರೆಂಬುದನ್ನೂ ಲೆಕ್ಕಿಸದೆ ಕೂಗಿದಳು.

"ಮೊದ್ಲು ಯಾವತ್ತೋ ಒಂದು ತಗೋತಿದ್ದೆ. ದಿನಾ ತಿನ್ನೋಕೆ ಶುರು ಮಾಡಿದ್ದು ನಿನ್ನ ಬದ್ಲು ನೀರು ಹೊತ್ತಾಗ! ನೀನು ಸಾಯ್ತೀನಿ ಸಾಯ್ತೀನಿ ಅಂತ ಗೋರಿ ನೋಡೋಕೆ ಹೋದ್ಯಲ್ಲ, ಆವಾಗ! ಇದನ್ನ ನುಂಗದಿದ್ರೆ ಗುಡ್ಡ ಹತ್ತೋಕೆ ಆಗ್ತಿರ್ಲಿಲ್ಲ. ಸಾಕಾ? ಕೇಳಿಸ್ತಾ? ಇನ್ನೂ ಜೋರಾಗಿ ಹೇಳ್ಲಾ?"

ಬಾಣಲೆಯಲ್ಲಿ ಕಬಲಗಲ ಕರಕಾಗಿ ಹೊಗೆ ಏಳುತ್ತಿತ್ತು. ನಾನೇ ಬಾಗಿ ಒಲೆಯಿಂದ ಇಳಿಸಿದೆ. ರಿಂಗಿನಲ್ಲಿ ದವಡೆಗೆ ಬಿದ್ದ ಏಟಿಗೆ ಕಾಲು ಕುಸಿಯುವುದನ್ನು ನಾನು ನೋಡಿದ್ದೇನೆ. ಬಾವ ಹಾಗೆಯೇ ಅವಳ ಮೋಟು ಸ್ಟೂಲಿನ ಮೇಲೆ ಕುಸಿದು ಕೂತ. ಕೂತವನು ಅಲ್ಲಾಡಲಿಲ್ಲ. ಬಸ್ಸುಗಳು ಬಂದವು, ಹೋದವು. ಗಿರಾಕಿಗಳು ಬಂದು ಅವನ ಮುಖ ನೋಡಿ ಹಿಂದಕ್ಕೆ ಸರಿದರು. ಬಹಳ ಹೊತ್ತಿನ ಮೇಲೆ ಅಕ್ಕ ಅವನ ಪಕ್ಕದ ನೆಲದ ಮೇಲೆ ಕೂತಳು.

"ನಿನ್ನ ತಪ್ಪು ಅಂತ ಹೇಳಿದ್ದಲ್ಲ," ಎಂದಳು, ದನಿ ಇಳಿಸಿ.

"ಹೇಳ್ಬೇಕಾಗಿತ್ತು. ನೋವು ಅಂತ ಒಂದು ಮಾತು."

"ಹೇಳಿದ್ರೆ ನೀನು ಕೇಳ್ತಿದ್ಯಾ? ನಿನ್ನ ಕಿವಿ ತುಂಬ ನಿನ್ನ ಉಚ್ಚೆಯೇ ಇತ್ತು."

ಅವನಿಗೆ ನಗು ಬಂತೋ ಅಳು ಬಂತೋ, ಮುಖವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. ಮರುದಿನ ಅಕ್ಕ ತಾನಾಗಿಯೇ ಬೈಕು ಹತ್ತಿದಳು. ಕ್ಲಿನಿಕ್ಕಿನಲ್ಲಿ ಗಂಟು ಬಿಚ್ಚಿ ಗುಲಾಬಿ ಮಾತ್ರೆಗಳನ್ನು ಬಿರುಂಗಿಯ ಮೇಜಿನ ಮೇಲೆ ಸುರಿದಳು.

ಬಿರುಂಗಿ ಅವುಗಳನ್ನು ನೋಡಿ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನವ್ವಾ! ಇದನ್ನ ಅಂಗಡೀಲಿ ಮಿಠಾಯಿ ಥರ ಕೊಡ್ತಾರಾ?"

"ಮಿಠಾಯಿ ತಿಂದ್ರೆ ಮಂಡಿನೋವು ಹೋಗಲ್ವಲ್ಲ ಸಿಸ್ಟರ್."

ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ಹೊಸ ಮಾತ್ರೆ ಅಕ್ಕನ ನಿದ್ದೆ ಕೆಡಿಸಿತು. ಮಂಡಿ ನೋಯುವಾಗ ಅವಳು ಗೋಡೆಗೆ ಹಣೆ ಒತ್ತಿ ನಿಲ್ಲುವಳು. ಬಾವ ಬಿಸಿನೀರಿನ ಬಟ್ಟೆ ಹಿಂಡಿ ಕಾಲಿಗೆ ಸುತ್ತುವನು. ಗುಡ್ಡದ ಮೇಲಿನ ಮನೆ ಬಿಟ್ಟು ನಲ್ಲಿಯ ಹತ್ತಿರ, ಮಳೆ ಬಂದರೆ ಹೊಸ್ತಿಲವರೆಗೆ ಚರಂಡಿ ಏರುವ ಓಣಿಗೆ ಇಳಿದರು. ಬಾವ ಕಸಾಯಿಖಾನೆಗೆ ಮರಳಿದ. ಅವನಿಗೆ ಹಳೆಯ ಮಾತ್ರೆಯನ್ನೇ ಮತ್ತೆ ಕೊಟ್ಟರು, ತುಟಿಗೆ ಬಣ್ಣ ಬಂತು. ಬೆಳಗಿನ ಪಾಳಿ ಮುಗಿಸಿ, ರಕ್ತದ ವಾಸನೆ ಹೋಗುವಂತೆ ಸೋಪು ಹಚ್ಚಿ ತೊಳೆದುಕೊಂಡು, ನಿಲ್ದಾಣದಲ್ಲಿ ಬಾಣಲೆಯ ಮುಂದೆ ಅವನೇ ಕೂರುತ್ತಿದ್ದ. ಅವನ ಕಬಲಗಲಗಳು ಬಾಕ್ಸಿಂಗ್ ಗ್ಲೌಸಿನಷ್ಟು ದಪ್ಪ, ಒಳಗೆ ಹಸಿ.

"ಇದನ್ನ ತಿನ್ಬೇಕಾ, ಇದರ ಜೊತೆ ಹೊಡೆದಾಡ್ಬೇಕಾ?" ಎಂದು ಬಸ್ಸಿನ ಕಂಡಕ್ಟರುಗಳು ಕೇಳುವರು. ಆದರೂ ಕೊಳ್ಳುವರು.

ವರ್ಷ ತುಂಬುವ ಹೊತ್ತಿಗೆ ಅಕ್ಕನನ್ನು ಮತ್ತೆ ಆ ದ್ರವ ಹಾಕಿ ಅಳೆದರು. ಈ ಸಲ ಅವಳಿಗೆ ಕುರ್ಚಿಯಲ್ಲಿ ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸರನ್ನೆಲ್ಲ ಮಾತಿಗೆಳೆದಳು. ಯಾರು ಏನು ಮಾತ್ರೆ ನುಂಗುತ್ತಾರೆಂದು ಒಬ್ಬೊಬ್ಬರನ್ನೂ ವಿಚಾರಿಸಿದಳು. ಅವಳಷ್ಟೇ ತೆಳ್ಳಗಿದ್ದ ಒಬ್ಬಳಿಗೆ, "ರಕ್ತ ಚೆನ್ನಾಗಿದೆ ಅಂದ್ರೆ ಎದ್ದು ಬರ್ಬೇಡ. ಉಚ್ಚೆನೂ ನೋಡಿ ಅನ್ನು," ಎಂದು ಕಿವಿಯಲ್ಲಿ ಹೇಳಿದಳು.

ಡಾಕ್ಟರ್ ಅಡೋಂಗೊ ಫಲಿತಾಂಶ ಹೇಳುವಾಗ ಬಾವ ನನ್ನ ಮಣಿಕಟ್ಟನ್ನು ಹಿಡಿದಿದ್ದ. ಅದರ ಗುರುತು ಮರುದಿನವೂ ಇತ್ತು. ಹೋದದ್ದು ಪೂರ್ತಿ ಮರಳಿ ಬಂದಿರಲಿಲ್ಲ. ಆದರೆ ಕಿಡ್ನಿಯ ಶಕ್ತಿ ಮತ್ತಷ್ಟು ಇಳಿದಿರಲಿಲ್ಲ, ತುಸು ಮೇಲೇ ಏರಿತ್ತು.

"ಹೀಗೇ ಇದ್ರೆ ರಕ್ತ ತೊಳೆಯೋ ಯಂತ್ರದ ಮಾತು ಸದ್ಯಕ್ಕಿಲ್ಲ. ಆದ್ರೆ ಪ್ರತಿ ವರ್ಷ ಬರ್ಬೇಕು. ಮೈಮರೆತ್ರೆ ಆಗಲ್ಲ," ಎಂದರು ಅವರು.

"ನಾನೆಲ್ಲಿ ಮೈಮರೀಲಿ ಡಾಕ್ಟರಮ್ಮ? ಇವ್ನು ಬಿಟ್ರೆ ತಾನೆ," ಎಂದಳು ಅಕ್ಕ.

ಹೊರಗೆ ಬಂದು ಬೈಕಿನ ಬಳಿ ನಿಂತಾಗ ಅವಳು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಬಾವ ಗೇಟಿನ ಬಳಿ ಕಾವಲುಗಾರನಿಗೆ ಅವಳ ಕಿಡ್ನಿಯ ಸಮಾಚಾರವನ್ನು ಕೈ ಎತ್ತಿ ಎತ್ತಿ ವಿವರಿಸುತ್ತಿದ್ದ.

"ಕಸುಜ್ಜ, ಸಾಯೋದಕ್ಕೆ ನಂಗೆ ಅಷ್ಟು ಭಯ ಇಲ್ಲ ಕಣೋ," ಎಂದಳು. "ಆದ್ರೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ಇವ್ನ ಕೈಯಡುಗೆ ತಿನ್ಕೊಂಡು ಬದುಕ್ಬೇಕಲ್ಲ. ಅದನ್ನ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ."

"ಹೇಳ್ಬಿಡು ಅವ್ನಿಗೆ."

"ಏನಂತ? ಹಿಟ್ಟು ಇನ್ನೂ ಸ್ವಲ್ಪ ನಾದು ಅಂತ ದಿನಾ ಹೇಳ್ತೀನಿ. ನಾದೋದು ಬಿಟ್ಟು ಗುದ್ದುತಾನೆ."

ಅವಳು ಬಾವನನ್ನು ಕೂಗಿ ಕರೆದಳು. ಅವನು ಓಡಿಬಂದ. ಮೂವರೂ ಒಂದೇ ಬೈಕಿನಲ್ಲಿ, ಅಕ್ಕನನ್ನು ನಡುವೆ ಕೂರಿಸಿಕೊಂಡು, ಗುಡ್ಡ ಇಳಿದೆವು.